ಕೆಳಗಿನ ಖೋಲಿಯ ನೆಲ ಒಣಗಿಸಲು ಹಿಡಿದ ಒಂದು ವರ್ಷ

ಕಳೆದ ನಾಗರ ಪಂಚಮಿಯ ಮರುದಿನ ಕೆಳಗಿನ ಖೋಲಿಯ ಬಾಗಿಲು ಅರ್ಧಕ್ಕೇ ನಿಂತುಬಿಟ್ಟಿತು. ತಳ್ಳಿದರೆ ಬುಡದಲ್ಲಿ ಏನೋ ಅಡ್ಡ ಬರುತ್ತಿತ್ತು. ಬಗ್ಗಿ ನೋಡಿದೆ. ಎರಡು ತಿಂಗಳ ಹಿಂದೆ ನೆಲಕ್ಕೆ ಹಾಕಿಸಿದ್ದ ಲ್ಯಾಮಿನೇಟ್ (ಕಟ್ಟಿಗೆ ಪುಡಿ ಒತ್ತಿ ಮಾಡಿದ) ಹಲಗೆ ಎರಡು ಬೆರಳಿನಷ್ಟು ಎದ್ದಿತ್ತು. ಜೋಡಿನ ಅಂಚುಗಳೆಲ್ಲ ನೀರಲ್ಲಿ ನೆನೆದ ಹಪ್ಪಳದ ಹಾಗೆ ಉಬ್ಬಿದ್ದವು. ಒಂದು ಹಲಗೆ ಎಬ್ಬಿಸಿದೆ. ಕೆಳಗಿನ ಫೋಮ್ ಹಾಳೆಯ ತಳದಲ್ಲಿ ಹನಿಹನಿ ನೀರು ಕೂತಿತ್ತು. ಮುಗ್ಗು ವಾಸನೆ ಮೂಗಿಗೆ ಬಡಿಯಿತು. 168 ಚದರ ಅಡಿ, ಅಡಿಗೆ 125 ರೂಪಾಯಿಯಂತೆ 21,000. ಎಲ್ಲಾ ಹಿತ್ತಲಿಗೆ ಹೋಯಿತು.

ನಮ್ಮ ಮನೆ ಇರುವುದು ಧಾರವಾಡದ ಒಂದು ಇಳಿಜಾರು ಓಣಿಯಲ್ಲಿ. ರಸ್ತೆ ಕಡೆಯಿಂದ ನೋಡಿದರೆ ಒಂದೇ ಅಂತಸ್ತು, ಹಿತ್ತಲಿನಿಂದ ನೋಡಿದರೆ ಎರಡು. ಆ ಕೆಳಗಿನದೇ ಈ ಖೋಲಿ. 14 ಅಡಿ ಉದ್ದ, 12 ಅಡಿ ಅಗಲ. ರಸ್ತೆ ಕಡೆಯ ಉದ್ದನೆಯ ಗೋಡೆ ಆರು ಅಡಿ ಮಣ್ಣಿನೊಳಗಿದೆ. ಪಕ್ಕದ ಎರಡು ಗೋಡೆ ಅರ್ಧರ್ಧ. ಹಿತ್ತಲ ಕಡೆ ಒಂದು ಬಾಗಿಲು, ಒಂದು ಕಿಟಕಿ. ಅಪ್ಪ ಇದ್ದಾಗ ಅಲ್ಲಿ ಜೋಳದ ಚೀಲ, ಕಟ್ಟಿಗೆ, ಕೆಟ್ಟ ಸೈಕಲ್ಲು ಇರುತ್ತಿದ್ದವು. ಮಗಳು ಪಿಯುಸಿಗೆ ಬಂದಳು, ಓದಲು ಸದ್ದಿಲ್ಲದ ಜಾಗ ಬೇಕಾಯಿತು, ಅದಕ್ಕೇ ಈ ಉಸಾಬರಿ.

ಮೊದಲು ಅಲ್ಲಿ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ ಇತ್ತು. ಗರಸು ಬಡಿದು, ಅದರ ಮೇಲೆ ಫರ್ಸಿ, ಸಂದಿಗೆ ಒಂದಿಷ್ಟು ಸಿಮೆಂಟು. ಮೂವತ್ತು ವರ್ಷ ತಕರಾರಿಲ್ಲದೆ ಇತ್ತು. ಅದು ಒಣಗಿದ ನೆಲ ಅಂತಲೇ ನಾನು ತಿಳಿದಿದ್ದೆ. ಹಾಗೇನೂ ಇರಲಿಲ್ಲ. ಮಣ್ಣಿನಿಂದ ಏರಿದ ತೇವ ಸಂದಿಗಳಿಂದ ದಿನಾ ಗಾಳಿಗೆ ಹೋಗುತ್ತಿತ್ತು, ಆದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಅವ್ವನಿಗೆ ಮಾತ್ರ ಗೊತ್ತಿತ್ತು. ಜೋಳದ ಚೀಲಗಳನ್ನು ಅವಳು ಯಾವತ್ತೂ ನೆಲಕ್ಕೆ ಇಟ್ಟವಳಲ್ಲ. ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ ಚೀಲ. "ನೆಲಕ್ಕ ಇಟ್ರ ಜ್ವಾಳಾ ಮುಗ್ಗಸ್ತಾವ" ಅಂತ ನಾವು ಸಣ್ಣವರಿದ್ದಾಗಿನಿಂದ ಹೇಳುತ್ತಿದ್ದಳು. ನಮ್ಮ ಕಡೆ ಹಿಂದೆ ಜೋಳ ತುಂಬಿಡಲು ನೆಲದೊಳಗೇ ಹಗೇವು ತೋಡುತ್ತಿದ್ದರು. ಅದಕ್ಕೂ ನೀರು ಬಸಿಯದ ಜಾಗ ನೋಡಿ, ಒಳಗೆಲ್ಲ ಹುಲ್ಲು ಹಾಸಿ ತುಂಬುತ್ತಿದ್ದರು. ಇಷ್ಟೆಲ್ಲ ಕೇಳಿಕೊಂಡು ಬೆಳೆದವನು ನಾನು. ಮೇ ತಿಂಗಳಲ್ಲಿ ಫರ್ಸಿ ಕೀಳಿಸಿ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆ. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು ಅನ್ನುವುದೇ ಹೊಳೆಯಲಿಲ್ಲ. ಇಪ್ಪತ್ತು ದಿನಕ್ಕೆ ಅದರ ಮೇಲೆ ಲ್ಯಾಮಿನೇಟ್ ಹೊದಿಸಿದೆ.

ಕಾಂಕ್ರೀಟು ಕಾಲಿಗೆ ಒಣಗಿದ ಹಾಗೆ ಅನಿಸಿದರೂ ಒಳಗೆ ಒಣಗಿರುವುದಿಲ್ಲ. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ನೀರು ಹೊಡೆಯುವುದು ನಿಂತ ಮೇಲೆ ಇಂಚಿಗೆ ಒಂದು ತಿಂಗಳು ಅನ್ನುವುದು ಒರಟು ಲೆಕ್ಕ. ಅಂದರೆ ನನ್ನ ನಾಲ್ಕು ಇಂಚಿಗೆ ನಾಲ್ಕು ತಿಂಗಳು, ಅದೂ ಗಾಳಿ ಒಣಗಿದ್ದರೆ. ನಾನು ಕೊಟ್ಟದ್ದು ಇಪ್ಪತ್ತು ದಿನ.

ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಹಲಗೆ ಕಿತ್ತ ವಾರದಲ್ಲೇ ಅಂಗಡಿಗೆ ಹೋಗಿ ಒಂದು ವಾಟರ್‌ಪ್ರೂಫ್ ಬಣ್ಣ ತಂದು ನೆಲಕ್ಕೆ ಎರಡು ಕೋಟು ಬಳಿದೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ರಸ್ತೆ ಕಡೆಯ ಗೋಡೆಯ ಬುಡದಲ್ಲಿ ಗುಳ್ಳೆ ಎದ್ದವು. ಬೆರಳಿನಿಂದ ಒತ್ತಿದರೆ ಒಡೆದು ನೀರು ಜಿನುಗುತ್ತಿತ್ತು. ಬಣ್ಣದ ತಪ್ಪೇನಿಲ್ಲ. ಕೆಳಗಿನಿಂದ ನೀರು ಮೇಲೆ ತಳ್ಳುತ್ತಿರುವಾಗ ಮೇಲೆ ಅಂಟಿಸಿದ ಬಣ್ಣ ಎಷ್ಟು ದಿನ ಹಿಡಿದುಕೊಂಡೀತು?

ಆಗ ಕರೆದದ್ದು ಅಪ್ಪನ ಕಾಲದ ಗೌಂಡಿಯನ್ನು. ವಯಸ್ಸು ಎಪ್ಪತ್ತರ ಹತ್ತಿರ, ಕಾಕಾ ಅಂತಲೇ ಕರೆಯುತ್ತೇವೆ. ಬಂದವರು ನೆಲದ ತುಂಬ ಕರಣಿಯ ಹಿಡಿಕೆಯಿಂದ ತಟ್ಟುತ್ತ ಹೋದರು. ಗೋಡೆಯ ಬುಡದ ಬಿಳಿ ಹೂವಿನಂಥ ಉಪ್ಪನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಹೇಳಿದರು: "ನೀರ ಎಲ್ಲಿಂದ ಬರಾಕತ್ತೇತಿ ಅಂತ ಗೊತ್ತಾಗಲಾರದ ಬಣ್ಣಾ ಬಳದ್ರ, ಗಾಯಾ ತೊಳಿಲಾರದ ಪಟ್ಟಿ ಕಟ್ಟಿದಂಗ ನೋಡ್ರಿ ಸರ. ಮದ್ಲ ಹುಡುಕೋಣು."

ಹುಡುಕುವ ಕೆಲಸ ನನಗೆ ಬಿತ್ತು. ಮೊದಲು ಮಾಡಿದ್ದು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ 4263 ಪದ್ಧತಿ ಇದೇ. 18 ಇಂಚು ಚೌಕದ ತೆಳು ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪು, ಕಡಿಮೆಯೆಂದರೆ 16 ತಾಸು ಬಿಡಬೇಕು. ಹಾಳೆ ಪಾರದರ್ಶಕವಾಗಿರಲಿ, ಇಲ್ಲದಿದ್ದರೆ ಎಬ್ಬಿಸುವವರೆಗೆ ಏನೂ ಕಾಣುವುದಿಲ್ಲ. ಬಣ್ಣ ಪೂರ್ತಿ ಕೆರೆದು ಐದು ಕಡೆ ಅಂಟಿಸಿದೆ. ಟೇಪು ಧೂಳಿಗೆ ಹಿಡಿಯಲೇ ಇಲ್ಲ, ಎರಡು ಸಲ ಒರೆಸಿ ಮತ್ತೆ ಅಂಟಿಸಬೇಕಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಐದಕ್ಕೂ ಐದು ಬೇರೆ ಕಥೆ. ರಸ್ತೆ ಗೋಡೆಯ ಬುಡದ ಎರಡು ಹಾಳೆಗಳ ಕೆಳಮೈ ತುಂಬ ಹನಿ, ಕಾಂಕ್ರೀಟು ಕಪ್ಪಗೆ. ನಡುವಿನದರ ಕೆಳಗೆ ಬರೀ ಮಬ್ಬು. ಹಿತ್ತಲ ಬಾಗಿಲಿನ ಹತ್ತಿರದ ಒಂದರಲ್ಲಿ ಏನೂ ಇಲ್ಲ. ಬಾಗಿಲಿನ ಹತ್ತಿರದ ಇನ್ನೊಂದರಲ್ಲಿ ಹನಿ ಇತ್ತು, ಆದರೆ ಹಾಳೆಯ ಮೇಲುಗಡೆ!

ಆ ಮೇಲಿನ ಹನಿ ಮಣ್ಣಿನದಲ್ಲ, ಗಾಳಿಯದು. ಮಳೆಗಾಲದಲ್ಲಿ ತಣ್ಣಗಿನ ಚೊಂಬಿನ ಹೊರಮೈ ಬೆವರುತ್ತದಲ್ಲ, ಹಾಗೆ. ಖೋಲಿಯ ಗಾಳಿ 26 ಡಿಗ್ರಿ, ತೇವಾಂಶ ಶೇಕಡಾ 85 ಇದ್ದರೆ, ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕೂರುತ್ತದೆ. ಮಣ್ಣಿಗೆ ತಾಗಿದ ನೆಲ ಅಷ್ಟು ತಣ್ಣಗೆ ಇರಬಹುದು. ನಾನು ಮಾಡುತ್ತಿದ್ದದ್ದು ಏನು ಗೊತ್ತಾ? ನೆಲ ಒಣಗಲಿ ಅಂತ ಜಿಟಿಜಿಟಿ ಮಳೆಯಲ್ಲೇ ಕಿಟಕಿ ಬಾಗಿಲು ತೆರೆದಿಟ್ಟು ಹಸಿ ಗಾಳಿಯನ್ನು ಒಳಗೆ ಕರೆಯುತ್ತಿದ್ದೆ. ಅಂದೇ ಮುಚ್ಚಿದೆ.

ರಸ್ತೆ ಗೋಡೆಯ ಬುಡದ ಹಾಳೆಗಳನ್ನು ಮಾತ್ರ ಹಾಗೇ ಬಿಟ್ಟು ದಿನಾ ನೋಡುತ್ತ ಬಂದೆ. ಮಳೆ ಜೋರಾದ ದಿನ ಹನಿ ಜಾಸ್ತಿಯಾಗುತ್ತದೆ ಅಂದುಕೊಂಡಿದ್ದೆ. ಆಗುತ್ತಿತ್ತು ಕೂಡ. ಆದರೆ ನಡುವೆ ಆರು ದಿನ ಬಿಸಿಲು ಬಿದ್ದಾಗಲೂ ಒಂದು ಬೆಳಿಗ್ಗೆ ಹಾಳೆಯ ಕೆಳಗೆ ನೀರು ತುಳುಕುವಷ್ಟು ಕೂತಿತ್ತು. ತಲೆ ಕೆಟ್ಟುಹೋಯಿತು. ಅವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಳ ಬಂದ ದಿನಕ್ಕೆ ಒಂದು ಗೀಟು ಹಾಕುತ್ತಾಳೆ. ಸುಮ್ನೆ ಅದರ ಪಕ್ಕದಲ್ಲಿ ನನ್ನ ಗುರುತುಗಳನ್ನೂ ಹಾಕಿ ನೋಡಿದೆ. ಹಾಳೆ ತುಂಬ ಒದ್ದೆಯಾದ ಮೂರು ದಿನವೂ ನಳ ಬಂದ ಮರುದಿನವೇ ಆಗಿತ್ತು.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವದತ್ತಿ ಹತ್ತಿರದ ಮಲಪ್ರಭಾ ಅಣೆಕಟ್ಟಿನ ನೀರು ನಮ್ಮ ಓಣಿಗೆ ಬರುವುದು ವಾರಕ್ಕೊಮ್ಮೆ. ಬಂದಾಗ ಸಂಪು ತುಂಬಿಸಿಕೊಳ್ಳಬೇಕು, ವಾರ ದೂಡಬೇಕು. ನಮ್ಮ ಸಂಪು ಇರುವುದು ರಸ್ತೆ ಕಡೆಯ ಅಂಗಳದಲ್ಲಿ, ಕೆಳಗಿನ ಖೋಲಿಯ ಗೋಡೆಯಿಂದ ಬರೀ ಮೂರು ಅಡಿ ದೂರ.

ಮುಂದಿನ ನಳದ ದಿನ ಸಂಪು ತುಂಬಿಸಿ, ವಾಲ್ವ್ ಬಂದ್ ಮಾಡಿ, ಮೋಟರಿನ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೂ ಮರೆತು ಮೋಟರು ಹಾಕಬಾರದಲ್ಲ. ಸಂಪಿನ ಒಳಗೋಡೆಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೀಟೆಳೆದೆ. ಬೆಳಿಗ್ಗೆ ಬ್ಯಾಟರಿ ಹಾಕಿ ನೋಡಿದರೆ ಅರ್ಧ ಇಂಚು ಇಳಿದಿತ್ತು. ಮರುದಿನವೂ ಹೆಚ್ಚು ಕಡಿಮೆ ಅಷ್ಟೇ. ಅರ್ಧ ಇಂಚು ಅಂದರೆ ಕೇಳಲು ಸಣ್ಣದು. ಸಂಪು 8 ಅಡಿಗೆ 6 ಅಡಿ. ಅರ್ಧ ಇಂಚಿಗೆ ಎರಡು ಘನ ಅಡಿ, ಅಂದರೆ 56 ಲೀಟರ್. ರಾತ್ರಿಗೆ ನಾಲ್ಕು ಕೊಡ ನೀರು, ನಾನೇ ದುಡ್ಡು ಕೊಟ್ಟು, ಮಗಳ ಖೋಲಿಯ ಬುಡಕ್ಕೆ ಸುರಿಯುತ್ತಿದ್ದೆ.

ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಕಾಕಾ ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ನೀರನ್ನು ಹಂತಹಂತವಾಗಿ ಇಳಿಸುತ್ತ ಹೋಗುವುದು. ಐದು ಅಡಿ ಸಂಪಿನಲ್ಲಿ ಮೂರು ಅಡಿ ಉಳಿಸಿ ಒಂದು ರಾತ್ರಿ ಬಿಟ್ಟೆವು. ಕಾಲು ಇಂಚು ಇಳಿಯಿತು. ಎತ್ತರ ಕಡಿಮೆಯಾದರೆ ಒತ್ತಡವೂ ಕಡಿಮೆ, ಅದಕ್ಕೇ ಸೋರಿಕೆಯೂ ಕಡಿಮೆ. ಎರಡು ಅಡಿಗೆ ಇಳಿಸಿ ಬಿಟ್ಟೆವು. ಗೀಟು ಅಲುಗಲಿಲ್ಲ. ಅಂದರೆ ತೂತು ಎರಡು ಮತ್ತು ಮೂರು ಅಡಿಯ ನಡುವೆ. ಪೂರ್ತಿ ಖಾಲಿ ಮಾಡಿ, ಮುಚ್ಚಳ ತೆಗೆದು ಅರ್ಧ ದಿನ ಗಾಳಿ ಆಡಲು ಬಿಟ್ಟು, ಮೇಲೆ ಒಬ್ಬರನ್ನು ನಿಲ್ಲಿಸಿ ಒಳಗಿಳಿದೆವು. ಸಂಪಿಗೆ ಒಬ್ಬರೇ ಇಳಿಯಬೇಡಿ. ಖೋಲಿಯ ಕಡೆಯ ಗೋಡೆಯಲ್ಲಿ ಒಂದು ಹಳೆ ಪೈಪಿನ ತೂತು ಸಿಕ್ಕಿತು. ಯಾವ ಕಾಲದಲ್ಲೋ ಪೈಪು ತೆಗೆದು, ಇಟ್ಟಿಗೆ ಚೂರು ತುರುಕಿ, ಮೇಲೆ ಸಿಮೆಂಟು ಸವರಿದ್ದರು. ಉಳಿ ಇಟ್ಟು ಒಂದು ಏಟು ಹಾಕಿದ್ದಕ್ಕೆ ಇಟ್ಟಿಗೆ ಚೂರು ಕೊಳೆತ ಹಲ್ಲಿನಂತೆ ಈಚೆ ಬಂತು.

ತೂತನ್ನು ಒಳಗೆ ಅಗಲ, ಬಾಯಿಗೆ ಸಣ್ಣ ಆಗುವ ಹಾಗೆ ಕಡಿದರು, ತುಂಬಿದ ಗಾರೆ ಹಿಡಿದುಕೊಳ್ಳಲಿ ಅಂತ. ಲೇಟೆಕ್ಸ್ ಬೆರೆಸಿದ ಸಿಮೆಂಟ್ ಗಾರೆಯನ್ನು ಎರಡು ಸಲ ತುಂಬಿ, ಮೇಲೆ ಆ ಗೋಡೆಗೆ ಪೂರ್ತಿ ಗಿಲಾವು ಮಾಡಿದರು. ಏಳು ದಿನ ಹಸಿಯಾಗಿಟ್ಟೆವು. ಆ ವಾರ ಕೊಡ ಹಿಡಿದು ಪಕ್ಕದ ಮನೆಗೆ ಓಡಾಡಿದ್ದು ಬೇರೆ ಕಥೆ. ಮತ್ತೆ ತುಂಬಿಸಿ ಗೀಟೆಳೆದರೆ ಎರಡು ರಾತ್ರಿ ಒಂದು ಕೂದಲೆಳೆಯೂ ಇಳಿಯಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಗುಡುಗು ಮಳೆ ಹೊಡೆದು, ಮರುದಿನ ಹಾಳೆಗಳು ಮತ್ತೆ ಒದ್ದೆಯಾದವು. ಕೊಡೆ ಹಿಡಿದು ಹೊರಗೆ ನಿಂತು ನೋಡಿದಾಗ ಮಾಳಿಗೆಯ ನೀರಿನ ಪೈಪು ಸೀದಾ ಆ ಗೋಡೆಯ ಬುಡಕ್ಕೇ ಬೀಳುತ್ತಿದ್ದದ್ದು ಕಂಡಿತು. ಇಪ್ಪತ್ತು ವರ್ಷದಿಂದ ಕಣ್ಣೆದುರಿಗೇ ಇದ್ದದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಆ ಪೈಪಿಗೆ ಹರಿದು ಬರುವ ಮಾಳಿಗೆ 60 ಚದರ ಮೀಟರ್. 40 ಮಿಲಿಮೀಟರ್ ಮಳೆ ಬಂದರೆ 2,400 ಲೀಟರ್. ಸಾಲದ್ದಕ್ಕೆ, ಮನೆ ಕಟ್ಟುವಾಗ ಗೋಡೆಯ ಹೊರಗಿನ ಸಂದಿಗೆ ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು ತುಂಬಿದ್ದರು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯುತ್ತದೆ, ಮಳೆಯಲ್ಲಿ ಉಬ್ಬಿ ನೀರು ಹಿಡಿದುಕೊಂಡು ಕೂರುತ್ತದೆ. ಹತ್ತಿ ಬೆಳೆಯಲು ಬಂಗಾರದಂಥ ಮಣ್ಣು. ಗೋಡೆಯ ಬೆನ್ನಿಗೆ ಅಲ್ಲ.

ದಸರೆ ಮುಗಿದು ಮಳೆ ನಿಂತ ಮೇಲೆ ಅಗೆತ. ಗೋಡೆಯ ಗುಂಟ 14 ಅಡಿ, ಅಲ್ಲಿಂದ ಪಕ್ಕದ ಗೋಡೆಯ ಗುಂಟ ಹಿತ್ತಲಿಗೆ 20 ಅಡಿ. ಆಳ ಎರಡೂವರೆ ಅಡಿಯಿಂದ ಶುರು. ನೆಲದ ಮಟ್ಟದವರೆಗೂ ಆರು ಅಡಿ ಅಗೆದುಬಿಡೋಣ ಅಂತ ನನ್ನ ಹುರುಪು. ಕಾಕಾ ಬಿಡಲಿಲ್ಲ. ಮಣ್ಣಿನ ಆಸರೆಯಲ್ಲಿ ನಿಂತ ಹಳೆ ಗೋಡೆ, ಒಮ್ಮೆಲೇ ಅಷ್ಟು ಬಿಚ್ಚಬಾರದು ಅಂದರು. ಎರಡೂವರೆ ಅಡಿಯನ್ನೂ ಐದೈದು ಅಡಿಯ ತುಂಡು ಮಾಡಿಯೇ ಅಗೆಸಿದರು.

ಕಾಲುವೆಯೊಳಗೆ ನೀರು ಬಿಟ್ಟು ಮಣ್ಣು ತಡೆಯುವ, ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿ, ಅದರ ಮೇಲೆ 20 ಎಂಎಂ ಖಡಿ, ಖಡಿಯ ನಡುವೆ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು. ನೂರಕ್ಕೆ ಒಂದು ಇಳಿತ ಬೇಕು, ಅಂದರೆ 34 ಅಡಿಗೆ ನಾಲ್ಕು ಇಂಚು. ಅದನ್ನು ನೀರು ತುಂಬಿದ ಪಾರದರ್ಶಕ ನಳಿಗೆಯಿಂದಲೇ ಅಳೆದೆವು. ಪೈಪಿನ ತೂತುಗಳನ್ನು ಕೆಳಮುಖ ಮಾಡಿದ್ದನ್ನು ನೋಡಿ ಓಣಿಯವರೆಲ್ಲ ಬಂದು ಬುದ್ಧಿ ಹೇಳಿ ಹೋದರು. ಮೇಲಿನಿಂದ ಬಂದ ನೀರು ಖಡಿಯೊಳಗೆ ತಳಕ್ಕೆ ಇಳಿಯುತ್ತದೆ, ಅಲ್ಲಿಂದ ಏರುತ್ತ ಪೈಪಿನ ತಳದ ತೂತಿನಿಂದ ಒಳಗೆ ಬರುತ್ತದೆ. ತೂತು ಮೇಲಿದ್ದರೆ ಪೈಪು ಮುಳುಗುವವರೆಗೂ ನೀರು ಅಲ್ಲೇ ನಿಂತಿರುತ್ತದೆ. ಇದನ್ನು ನಾನು ಕನಿಷ್ಠ ಆರು ಜನರಿಗೆ ವಿವರಿಸಿದೆ, ಯಾರೂ ಒಪ್ಪಲಿಲ್ಲ. ಮಾಳಿಗೆಯ ನೀರನ್ನು ಇದಕ್ಕೆ ಬಿಡಲಿಲ್ಲ. ಅದಕ್ಕೆ ತೂತಿಲ್ಲದ ಬೇರೆ ಪೈಪು ಹಾಕಿ ಹಿತ್ತಲ ಗಟಾರಕ್ಕೆ ಮುಟ್ಟಿಸಿದೆವು.

ಕಿತ್ತಿಟ್ಟಿದ್ದ ಹಳೆ ಫರ್ಸಿ ಇಲ್ಲಿ ಕೆಲಸಕ್ಕೆ ಬಂತು. ಕಾಲುವೆ ಮುಚ್ಚಿ, ಮೇಲೆ ಗೋಡೆಯ ಗುಂಟ ಮೂರು ಅಡಿ ಅಗಲಕ್ಕೆ ಫರ್ಸಿ ಹಾಸಿ, ಗೋಡೆಯಿಂದ ಆಚೆಗೆ ಎರಡು ಇಂಚು ಇಳಿಸಿದೆವು. ಒಂದು ಚೊಂಬು ನೀರು ಚೆಲ್ಲಿ ನೋಡಿದೆ. ಗೋಡೆಗೆ ಬೆನ್ನು ಹಾಕಿ ಹೋಯಿತು.

ನವೆಂಬರಿನಿಂದ ಫೆಬ್ರವರಿವರೆಗೆ ಬರೆಯುವಂಥದ್ದೇನೂ ಆಗಲಿಲ್ಲ. ಕಾಯುವುದು. ಒಣ ಗಾಳಿ ಇರುವ ಮಧ್ಯಾಹ್ನ ಕಿಟಕಿ ತೆರೆಯುವುದು, ಸಂಜೆ ಮುಚ್ಚುವುದು, ಫ್ಯಾನು ತಿರುಗಿಸುವುದು. ನೀರು ಆರುತ್ತ ಹೋದಂತೆ ಉಪ್ಪು ಇನ್ನೂ ಜಾಸ್ತಿ ಎದ್ದಿತು. ಗಾಬರಿ ಬೇಡ. ನೀರು ತಾನು ಹಾರಿಹೋಗಿ ಹೊತ್ತು ತಂದ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಅದನ್ನು ತೊಳೆಯಬಾರದು, ಕರಗಿ ಮತ್ತೆ ಒಳಗಿಳಿಯುತ್ತದೆ. ತಂತಿ ಬ್ರಶ್ಶಿನಿಂದ ಒಣಗಿದ್ದಂತೆಯೇ ಉಜ್ಜಿ, ಗುಡಿಸಿ ಹೊರಗೆ ಹಾಕಿದೆ.

ಅಳತೆಗೆ ಒಂದು ಮನೆಮದ್ದು ಮಾಡಿಕೊಂಡೆ. ಸಣ್ಣ ಡಿಜಿಟಲ್ ತೇವಮಾಪಕವನ್ನು ನೆಲದ ಮೇಲಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಸುತ್ತ ಟೇಪು ಹಚ್ಚಿ ಮೂರು ದಿನ ಬಿಡುವುದು. ನೆಲದಿಂದ ಏಳುವ ತೇವಕ್ಕೆ ಒಳಗಿನ ಗಾಳಿ ಹೊಂದಿಕೊಳ್ಳುತ್ತದೆ. ಬ್ರಿಟಿಷ್ ಮಾನಕ ಬಿಎಸ್ 8203 ವಿನೈಲಿನಂಥ ಹೊದಿಕೆ ಹಾಕಲು ಹೀಗೇ ಮುಚ್ಚಿಟ್ಟ ಮಾಪಕದಲ್ಲಿ ಶೇಕಡಾ 75ಕ್ಕೆ ಇಳಿಯಬೇಕು ಅನ್ನುತ್ತದೆ. ನನ್ನ ಮಾಪಕ ಅಷ್ಟು ನಂಬಿಕಸ್ತನಲ್ಲ, ಆದರೆ ತಿಂಗಳಿಂದ ತಿಂಗಳಿಗೆ ಹೋಲಿಸಲು ಸಾಕು. ನವೆಂಬರಿನಲ್ಲಿ 94, ಸಂಕ್ರಾಂತಿಗೆ 83, ಫೆಬ್ರವರಿ ಕೊನೆಗೆ 76.

ಮಗಳಿಗೆ ಇನ್ನೂ ಕಟ್ಟಿಗೆ ನೆಲವೇ ಬೇಕಿತ್ತು. ನಾನು ಒಪ್ಪಲಿಲ್ಲ. ಅಡಿಯಲ್ಲಿ ಪ್ಲಾಸ್ಟಿಕ್ ಇಲ್ಲದ ಕಾಂಕ್ರೀಟಿನ ಮೇಲೆ ಎರಡನೇ ಸಲ ಜೂಜಾಡಲು ಧೈರ್ಯ ಇರಲಿಲ್ಲ. ಕಟ್ಟಿಗೆ ಬಣ್ಣದ ವಿಟ್ರಿಫೈಡ್ ಟೈಲ್ಸಿಗೆ ರಾಜಿಯಾಯಿತು. ಅದು ತೂಕದ ಅರ್ಧ ಶೇಕಡಾಕ್ಕಿಂತ ಜಾಸ್ತಿ ನೀರು ಕುಡಿಯುವುದಿಲ್ಲ, ಉಬ್ಬುವ ಪ್ರಶ್ನೆಯೇ ಇಲ್ಲ. ಅದರ ಅಡಿಗೆ ತೇವ ತಡೆಯಲು ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಲೇಪ. ಗೋಡೆಯ ಹತ್ತಿರ ನಾಲ್ಕು ಅಡಿ ಬಳಿದರೆ ಸಾಕಲ್ವಾ ಅಂದೆ. "ಅಲ್ಲಿ ಮುಚ್ಚಿದ್ರ ಐದನೇ ಅಡಿಗೆ ಏಳತೇತಿ, ಪೂರಾ ಬಳೀರಿ" ಅಂದರು ಕಾಕಾ.

ಮಾರ್ಚಿನ ಮಧ್ಯಾಹ್ನ. ನೆಲವನ್ನು ಮಶೀನಿನಿಂದ ಉಜ್ಜಿಸಿ, ಧೂಳು ಪೂರ್ತಿ ಎಳೆಸಿದ್ದೆ. ಎಪಾಕ್ಸಿ ಎರಡು ಡಬ್ಬಿ, ಒಂದಕ್ಕೊಂದು ಬೆರೆಸಬೇಕು. ಪದೇಪದೇ ಯಾಕೆ ಬೆರೆಸುವುದು ಅಂತ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದೆ. ಮೂಲೆಯಿಂದ ರೋಲರ್ ಆಡಿಸುತ್ತ ಬಂದೆ. ಕಾಲುಭಾಗ ಮುಗಿಯುವಷ್ಟರಲ್ಲಿ ಬಕೆಟ್ಟಿನಲ್ಲಿದ್ದದ್ದು ಜೇನಿನಷ್ಟು ಗಟ್ಟಿ. ಮುಟ್ಟಿದರೆ ಬಕೆಟ್ಟು ಸುಡುತ್ತಿತ್ತು. ಸಣ್ಣಗೆ ಹೊಗೆ ಏಳತೊಡಗಿತು. ಹೊತ್ತುಕೊಂಡು ಹಿತ್ತಲಿಗೆ ಓಡಿದೆ. ಐದು ನಿಮಿಷದಲ್ಲಿ ರೋಲರ್ ಸಮೇತ ಕಲ್ಲಾಯಿತು. ಬೆರೆತ ಕೂಡಲೇ ಅದು ತಾನೇ ಬಿಸಿಯಾಗುತ್ತದೆ, ಒಂದೇ ಪಾತ್ರೆಯಲ್ಲಿ ಜಾಸ್ತಿ ಇದ್ದಷ್ಟೂ ಬೇಗ ಕಾಯುತ್ತದೆ. ನೆಲದ ಮೇಲೆ ತೆಳ್ಳಗೆ ಹರಡಿದರೆ ಕಾಯುವುದಿಲ್ಲ. ಹೊಸದು ತಂದು, ಬೆಳಿಗ್ಗೆ ಏಳಕ್ಕೆ, ಒಂದೊಂದೇ ಲೀಟರ್ ಬೆರೆಸಿ ಬಳಿದೆ. ಮರುದಿನ ಎರಡನೇ ಕೋಟು ಅಡ್ಡಲಾಗಿ. ಅದು ಹಸಿ ಇರುವಾಗಲೇ ಮೇಲೆ ಜರಡಿ ಹಿಡಿದ ಒಣ ಉಸುಕು ಎರಚಿದೆ. ಇಲ್ಲದಿದ್ದರೆ ಆ ನುಣುಪಿಗೆ ಟೈಲ್ಸಿನ ಅಂಟು ಹಿಡಿಯುವುದಿಲ್ಲ. ಟೈಲ್ಸ್ ಕೂರಿಸುವುದು ಎರಡು ದಿನದ ಕೆಲಸ, ಅದರಲ್ಲಿ ವಿಶೇಷ ಏನಿಲ್ಲ.

ಈಗ ಮತ್ತೆ ಆಗಸ್ಟ್. ಮಿರಗದಿಂದ (ಜೂನಿನ ಮೃಗಶಿರಾ ಮಳೆಯಿಂದ) ಮಳೆ ಚೆನ್ನಾಗಿಯೇ ಹೊಡೆದಿದೆ. ಹಿತ್ತಲಿನ ಪೈಪಿನ ಬಾಯಿಂದ ಮಳೆ ನಿಂತು ಎರಡು ದಿನವಾದರೂ ಸಣ್ಣಗೆ ನೀರು ಹರಿಯುತ್ತದೆ. ಮೊದಲು ಅದೆಲ್ಲ ಎಲ್ಲಿಗೆ ಹೋಗುತ್ತಿತ್ತೋ! ತೀರಾ ಮೋಡ ಕವಿದ ದಿನ ಟೈಲ್ಸು ಸ್ವಲ್ಪ ಬೆವರುತ್ತದೆ. ಕಿಟಕಿ ಮುಚ್ಚಿ ಫ್ಯಾನು ಹಾಕಿ, ಒಂದು ಸಲ ಒಣ ಬಟ್ಟೆಯಿಂದ ಒರೆಸಿದರೆ ಆಯಿತು. ಚಾಪೆಯನ್ನು ರಾತ್ರಿ ಸುತ್ತಿ ನಿಲ್ಲಿಸುತ್ತೇವೆ.

ಹೋದ ವಾರ ರಸ್ತೆ ಗೋಡೆಯ ಮೂಲೆಯಲ್ಲಿ, ಸ್ಕರ್ಟಿಂಗಿನ ಮೇಲೆ ಒಂದು ಗೇಣು ಉದ್ದಕ್ಕೆ ತೆಳ್ಳಗೆ ಉಪ್ಪು ಕಂಡಿತು. ಗೋಡೆಯಲ್ಲಿ ಉಳಿದ ಹಳೆ ತೇವ ಆರುತ್ತಿರಬಹುದು. ಸಂಪು ಮತ್ತೆ ಬಾಯಿ ಬಿಟ್ಟಿರಲೂಬಹುದು. ಗುರುವಾರ ನಳ ಬರುತ್ತದೆ. ಫ್ಯೂಸ್ ಕೀಳುತ್ತೇನೆ ಅಂತ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.